ನೆಲದ ಮೇಲೆ ಕೂರಬಾರದು

ಸೂರತ್‌ಗೆ ಬಂದ ಮೊದಲ ದಿನ ನನ್ನ ಕೈಗೆ ಒಂದು ಕಾಲು ಕೊಟ್ಟರು. ಗಾಬರಿಯಾಗಬೇಡಿ, ಕಾಲಿನ ಆ ತುದಿಯಲ್ಲಿ ಮನುಷ್ಯನೂ ಇದ್ದ. ಲಾರಿಗೆ ಸಿಕ್ಕು ತೊಡೆಯ ಮೂಳೆ ಮುರಿದುಕೊಂಡು, ಅರಿವಳಿಕೆಯಲ್ಲಿ ನೆಮ್ಮದಿಯಾಗಿ ಮಲಗಿದ್ದ. 'ಪಕಡೋ' ಎಂದು ಹಿಮ್ಮಡಿಯನ್ನು ನನ್ನ ಅಂಗೈಯಲ್ಲಿಟ್ಟು ಹಿರಿಯ ಡಾಕ್ಟರುಗಳು ತಮ್ಮ ಕೆಲಸಕ್ಕೆ ತೊಡಗಿದರು. ಎಷ್ಟು ಹೊತ್ತು ಹಿಡಿಯಬೇಕೆಂದು ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಮೈಮೇಲೆ ಎಕ್ಸ್-ರೇ ತಡೆಯಲು ಗಂಡಸರ ಅಳತೆಯ ಸೀಸದ ಏಪ್ರನ್ನು, ಕೈಯಲ್ಲಿ ಗಂಡಸಿನ ಕಾಲು, ಬೆನ್ನಿನಲ್ಲಿ ಬೆವರಿನ ಕಾಲುವೆ. ಹೊಲಿಗೆ ಮುಗಿದು ಎಲ್ಲರೂ ಗ್ಲೌಸ್ ಬಿಚ್ಚಿ ಹೊರಟ ಮೇಲೂ ನಾನು ಕಾಲು ಹಿಡಿದು ನಿಂತೇ ಇದ್ದೆ. ಕೊನೆಗೆ ಥಿಯೇಟರಿನ ಸಿಸ್ಟರ್ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, 'ಜಮ್ಯಾ?' ಎಂದರು. ಊಟವಾಯಿತೇ ಎಂದು ಅದರ ಅರ್ಥ. ನಾನು ಕಲಿತ ಮೊದಲ ಗುಜರಾತಿ ಪದ ಅದು, ಉತ್ತರ ಇವತ್ತಿಗೂ ಹೆಚ್ಚಾಗಿ ಇಲ್ಲ ಎಂದೇ.

ನಾನು ರಾಣೆಬೆನ್ನೂರಿನವಳು. ಅಪ್ಪನದು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ಅಖಿಲ ಭಾರತ ಮಟ್ಟದ ಕೌನ್ಸೆಲಿಂಗಿನಲ್ಲಿ ನನ್ನ ರ‍್ಯಾಂಕಿಗೆ ಸಿಕ್ಕಿದ್ದು ಸೂರತ್ತಿನ ಮೂಳೆ ವಿಭಾಗ. ಹುಡುಗಿಗೆ ಮೂಳೆ ಯಾಕೆ, ಕಣ್ಣೋ ಚರ್ಮವೋ ತಗೊಳ್ಳಬಾರದಿತ್ತೇ ಎಂದು ನೆಂಟರೆಲ್ಲ ಹೇಳಿದರು. ಅಪ್ಪ ಮಾತ್ರ ನನ್ನ ಪುಸ್ತಕದಲ್ಲಿದ್ದ ಡ್ರಿಲ್ಲು, ಸ್ಕ್ರೂ, ಪ್ಲೇಟುಗಳ ಚಿತ್ರ ನೋಡಿ, ಡಾಕ್ಟರಿಕೆ ಓದಿಸಿದರೂ ಮಗಳು ಗ್ಯಾರೇಜಿಗೇ ಸೇರಿದಳಲ್ಲ ಎಂದು ನಕ್ಕರು. ಆ ನಗೆಯ ಹಿಂದೆ ಹೆಮ್ಮೆಯಿತ್ತೆಂದು ನನಗೆ ಗೊತ್ತು.

ಗುಜರಾತಿನ ನೆಲ ಮೊದಲು ಮೆಟ್ಟಿದ್ದು ಅಹಮದಾಬಾದಿನಲ್ಲಿ. ಅಪ್ಪನ ಪರಿಚಯದ ರೈಲ್ವೆ ನೌಕರರೊಬ್ಬರ ಸಂಸಾರ ಮಣಿನಗರದಲ್ಲಿತ್ತು. ಎರಡು ದಿನ ಅವರ ಮನೆಯಲ್ಲಿ ಉಳಿದೆ. ಮನೆಯಾಕೆ ಧಾರವಾಡದ ಕನ್ನಡದಲ್ಲಿ ಮಾತನಾಡಿಸಿದರೆ ಮಗಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಸಾರಿಗೆ ಬೆಲ್ಲ ಜಾಸ್ತಿಯಾಗಿತ್ತು. ಅದನ್ನು ನನ್ನ ಮುಖದಲ್ಲೇ ಓದಿಕೊಂಡ ಆಕೆ, ತಾವೇನೂ ಬೇಕೆಂದು ಹಾಕುವುದಿಲ್ಲ, ವರ್ಷಗಳು ಕಳೆದ ಹಾಗೆ ಕೈ ತಾನೇ ಡಬ್ಬಿಯ ಕಡೆ ಹೋಗುತ್ತದೆ ಎಂದರು. ನಾನು ಹಾಗಾಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಗ ನನಗೆ ಮನಸ್ಸಿನಲ್ಲಿ ಅಂದುಕೊಳ್ಳುವಷ್ಟು ಬಿಡುವಿತ್ತು. ಇನ್ನು ವಡೋದರಾ ನೋಡಿದೆಯಾ ಎಂದು ಕೇಳುವವರಿಗೆ: ನೋಡಿದೆ. ಒಂದು ಕಾರ್ಯಾಗಾರಕ್ಕೆಂದು ಕಳಿಸಿದ್ದರು. ಸಭಾಂಗಣದ ಕುರ್ಚಿ ಮೆತ್ತಗಿತ್ತು, ದೀಪ ಆರಿಸಿದರು, ನಾನು ಸಂಜೆಯವರೆಗೆ ನಿದ್ದೆ ಮಾಡಿದೆ. ಆ ಊರಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ.

ಮೂಳೆ ವಿಭಾಗದ ರೆಸಿಡೆಂಟುಗಳ, ಅಂದರೆ ಸ್ನಾತಕೋತ್ತರ ಓದುವ ಡಾಕ್ಟರುಗಳ, ಹಾಸ್ಟೆಲಿನ ಸಾಲಿಗೆ ಸಾಲೇ ಗಂಡಸರದು. ಹೀಗಾಗಿ ನನಗೆ ಮೊದಲ ವರ್ಷ ಅಲ್ಲಿ ಕೋಣೆಯಿರಲಿಲ್ಲ. ಕತಾರ್‌ಗಾಮ್ ಬಡಾವಣೆಯಲ್ಲಿ ಒಂದು ಮಹಡಿಯ ಮೇಲಿನ ಕೋಣೆ ಹಿಡಿದೆ. ಕೆಳಗಡೆ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆ. ಚಕ್ರಗಳು ದಿನವಿಡೀ ಗುಂಯ್ಗುಡುತ್ತಿದ್ದವು. ಮನೆಯೊಡತಿ ಕೈಲಾಸಬೇನ್ ನನ್ನನ್ನು ಕೇಳಿದ ಪ್ರಶ್ನೆ ಒಂದೇ, ಮೊಟ್ಟೆ ಬೇಯಿಸುತ್ತೀಯಾ? ಅನ್ನ ಬೇಯಿಸಿಕೊಳ್ಳಲೂ ನನಗೆ ಪುರಸೊತ್ತಿರುವುದಿಲ್ಲ ಎಂದು ಅರ್ಥಮಾಡಿಸಲು ಆಗ ಭಾಷೆಯಿರಲಿಲ್ಲ. ಆಕೆಯ ಮನೆಯವರೂ ಸೌರಾಷ್ಟ್ರದ ಒಂದು ಹಳ್ಳಿಯಿಂದ ಬಂದು ನೆಲೆಸಿದವರು. ಮಕ್ಕಳು ಮೊಮ್ಮಕ್ಕಳು ಇಲ್ಲೇ ಹುಟ್ಟಿದರೂ 'ಗಾಮ್', ತನ್ನ ಊರು, ಎಂದರೆ ಆಕೆಗೆ ಇವತ್ತಿಗೂ ಆ ಹಳ್ಳಿಯೇ. ದೀಪಾವಳಿಗೆ ಸಾಣೆಯ ಚಕ್ರಗಳೆಲ್ಲ ನಿಂತು, ಓಣಿಗೆ ಓಣಿಯೇ ಗಂಟುಮೂಟೆ ಕಟ್ಟಿ ಊರಿಗೆ ಹೊರಟಿತು. ನನಗೆ ರಜೆಯಿರಲಿಲ್ಲ. ಆ ನಿಶ್ಶಬ್ದದಲ್ಲಿ ಕೋಣೆಗೆ ಬಂದು ಕೂತೆ. ಎಲ್ಲರಿಗೂ ಹೋಗಲು ಒಂದು ಊರಿದೆ, ನನಗೂ ಇದೆ, ನಾನು ಮಾತ್ರ ಯಾಕೆ ಇಲ್ಲಿದ್ದೇನೆ ಎಂದು ಅತ್ತೆ.

ಬಿಟ್ಟು ಹೋಗುವ ಯೋಚನೆ ದಿನಕ್ಕೊಮ್ಮೆ ಬರುತ್ತಿತ್ತು, ಸಾಮಾನ್ಯವಾಗಿ ಬೆಳಗಿನ ರೌಂಡ್ಸಿಗೆ ಮುಂಚೆ. ಮೊದಲ ವರ್ಷದ ರೆಸಿಡೆಂಟ್ ಎಂದರೆ ವಾರ್ಡಿನಲ್ಲಿ ಎಲ್ಲದಕ್ಕೂ ಆಗುವ ಆಳು. ಡ್ರೆಸಿಂಗ್ ಅವಳದೇ, ರಕ್ತ ತರುವುದು ಅವಳೇ, ಎಕ್ಸ್-ರೇ ಹುಡುಕುವುದು ಅವಳೇ, ಪ್ಲಾಸ್ಟರ್ ಕಟ್ಟುವುದು ಅವಳೇ, ಎಲ್ಲರ ಬೈಗುಳ ಕೊನೆಗೆ ಬಂದು ನಿಲ್ಲುವುದೂ ಅವಳ ಬಳಿಯೇ. ತಲೆಗೂದಲಲ್ಲಿ ಪ್ಲಾಸ್ಟರಿನ ಪುಡಿ ಒಣಗಿ, ಕನ್ನಡಿಯಲ್ಲಿ ನಮ್ಮೂರಿನ ಮಿಲ್ಲಿನಲ್ಲಿ ಹಿಟ್ಟು ಬೀಸುವವನ ಹಾಗೆ ಕಾಣುತ್ತಿದ್ದೆ. ರೋಗಿಗಳ ಕಡೆಯವರು ನನ್ನನ್ನು ಸಿಸ್ಟರ್ ಎಂದು ಕರೆದು, ಡಾಕ್ಟರ್ ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದರು. ನನ್ನ ಮೇಲಿನ ಹಿರಿಯ ರೆಸಿಡೆಂಟ್ ಹಾರ್ದಿಕ್‌ಭಾಯ್ ಒಳ್ಳೆಯವರೇ, ಆದರೆ ಅವರ ಒಳ್ಳೆಯತನಕ್ಕೂ ನಿದ್ದೆ ಸಾಲದು. ಸೂರತ್ತಿನಲ್ಲಿ ಲೋಚೋ ಎಂಬ ತಿಂಡಿಯಿದೆ. ಕಡಲೆಹಿಟ್ಟನ್ನು ಹಬೆಯಲ್ಲಿ ಬೇಯಿಸಿದ್ದು, ಇಡ್ಲಿಯ ಹಾಗೆ ಒಂದು ಆಕಾರಕ್ಕೆ ನಿಲ್ಲದೆ ತಟ್ಟೆಯ ತುಂಬ ಕುಸಿದು ಕೂತಿರುತ್ತದೆ. ರೌಂಡ್ಸ್ ಮುಗಿಸಿ ಗೇಟಿನ ಹೊರಗೆ ನಿಂತು ಅದನ್ನು ತಿನ್ನುವಾಗ ಆಪ್ತರೊಬ್ಬರು ಸಿಕ್ಕ ಹಾಗನ್ನಿಸುತ್ತಿತ್ತು. ಕೂತು ತಿಂದ ಊಟ ಎಂಬುದು ಆ ವರ್ಷದಲ್ಲಿ ನೆನಪಿಗೆ ಬರುವುದೇ ಇಲ್ಲ.

ಭಾಷೆಯನ್ನು ನಾನು ಆಜ್ಞೆಗಳಲ್ಲಿ ಕಲಿತೆ. ಕಾಲು ಎತ್ತಿ, ಬೆರಳು ಅಲ್ಲಾಡಿಸಿ, ನೋಯುತ್ತದೆಯೇ, ಉಸಿರು ಹಿಡಿಯಿರಿ. ಎಲ್ಲಕ್ಕಿಂತ ಚೆನ್ನಾಗಿ ಬಾಯಿಗೆ ಕೂತದ್ದು ಒಂದು ಪಾಠ. ಸೊಂಟದ ಕೀಲು ಬದಲಿಸಿದ ಪ್ರತಿಯೊಬ್ಬರಿಗೂ ಅದನ್ನು ಒಪ್ಪಿಸಬೇಕು: 'ನೀಚೇ ನಹೀ ಬೇಸ್ವಾನು, ಪಲಾಂಠಿ ನಹೀ ವಾಳ್ವಾನಿ, ಉಭಡಕ್ ನಹೀ ಬೇಸ್ವಾನು.' ನೆಲದ ಮೇಲೆ ಕೂರಬಾರದು, ಚಕ್ಕಳಮಕ್ಕಳ ಹಾಕಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು. ಕಾಲು ಅಷ್ಟು ಮಡಚಿದರೆ ಒಳಗೆ ಕೂರಿಸಿದ ಲೋಹದ ಗುಂಡು ಕೀಲಿನಿಂದ ಜಾರಿ ಹೊರಬರುತ್ತದೆ, ಮತ್ತೆ ಥಿಯೇಟರಿಗೆ ಒಯ್ಯಬೇಕಾಗುತ್ತದೆ. ನಾನು ಈ ಪಾಠವನ್ನು ಬಸ್ ಕಂಡಕ್ಟರ್ ಊರುಗಳ ಹೆಸರು ಕೂಗುವ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಕೇಳಿಸಿಕೊಂಡವರ ಮುಖ ನೋಡಿದ್ದು ಕಡಿಮೆ.

ಆ ಚಳಿಗಾಲದಲ್ಲಿ ಗಂಗವ್ವ ಬಂದರು. ನರಗುಂದದ ಕಡೆಯವರು. ಮಗ ಬಸವರಾಜ ಸೂರತ್ತಿನ ಪಕ್ಕದ ಹಜೀರಾದ ಒಂದು ದೊಡ್ಡ ಕಾರ್ಖಾನೆಯಲ್ಲಿ ಇಂಜಿನಿಯರ್, ವಾಸ ಕಂಪನಿ ಕಾಲೊನಿಯಲ್ಲಿ. ಗಂಡ ತೀರಿಕೊಂಡ ಮೇಲೆ ಅಜ್ಜಿ ಅವರ ಜೊತೆಗೇ ಇದ್ದರು. ಟೈಲ್ಸಿನ ಮೇಲೆ ಜಾರಿಬಿದ್ದು, ಸೊಂಟದ ಬಳಿ ತೊಡೆಯ ಮೂಳೆಯ ಕತ್ತು ಮುರಿದಿತ್ತು. ಸ್ಟ್ರೆಚರಿನ ಮೇಲೆ ಮಲಗಿ ಎಲ್ಲರಿಗೂ ಕನ್ನಡದಲ್ಲೇ ಬೈಯುತ್ತಿದ್ದರು. ನಾನು ಬಾಗಿ ಎಲ್ಲಿ ನೋವು ಎಂದು ಕನ್ನಡದಲ್ಲಿ ಕೇಳಿದ ಕೂಡಲೇ ಬೈಗುಳ ನಿಂತಿತು. ಯಾವ ಊರು, ಯಾರ ಪೈಕಿ ಎಂದೆಲ್ಲ ವಿಚಾರಿಸಿ ಮುಗಿಸಿ, "ಹಂಗಾರ ನಮ್ಮಾಕಿನ ಬಿಡು" ಎಂದು ಕಣ್ಣು ಮುಚ್ಚಿಕೊಂಡರು. ಕೀಲು ಬದಲಿಸುವ ಆಪರೇಷನ್ನಿನಲ್ಲಿ ಅವರ ಕಾಲು ಹಿಡಿದವಳೂ ನಾನೇ. ಆ ಕಾಲು ಭಾರವೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಅವರನ್ನು ಎಬ್ಬಿಸಿ ನಿಲ್ಲಿಸಬೇಕಿತ್ತು. ಈ ವಯಸ್ಸಿನಲ್ಲಿ ಸೊಂಟ ಮುರಿದವರು ಬೇಗ ಎದ್ದು ನಿಂತರೆ ಬದುಕು. ಮಲಗಿಯೇ ಉಳಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಆಪರೇಷನ್ ಎಷ್ಟು ಚೆನ್ನಾಗಿ ಆಗಿದ್ದರೂ ಮನುಷ್ಯ ಉಳಿಯುವುದಿಲ್ಲ. ನಾನು ಮಂಚದ ಬಳಿ ಹೋಗುವ ಮೊದಲೇ ಬಸವರಾಜ ಅವರು ಕಾರಿಡಾರಿನಲ್ಲಿ ತಡೆದರು. ಕಾಲೊನಿಯ ಮನೆಯಲ್ಲಿ ಗ್ರಾನೈಟಿನ ಕಟ್ಟೆ, ಊಟದ ಮೇಜು ಎಲ್ಲ ಇದ್ದರೂ ಅಮ್ಮ ನೆಲದ ಮೇಲೊಂದು ಪುಟ್ಟ ಗ್ಯಾಸ್ ಒಲೆ ಇಟ್ಟುಕೊಂಡು, ಅಲ್ಲೇ ಕೂತು ದಿನವೂ ರೊಟ್ಟಿ ಬಡಿಯುತ್ತಾರಂತೆ. ಪೂಜೆ ನೆಲದ ಮೇಲೆ, ಊಟ ನೆಲದ ಮೇಲೆ, ಮೊಮ್ಮಗಳು ಶ್ರೇಯಾಳಿಗೆ ಜಡೆ ಹಾಕುವುದೂ ನೆಲದ ಮೇಲೆ. ಇನ್ನು ಮುಂದೆ ಆಗುವುದಿಲ್ಲ ಎಂದು ಹೇಳಿದರೆ ಆಕೆ ಏಳುವುದೇ ಇಲ್ಲ. ನಾನು ಆರು ವಾರ ಅಂದಿದ್ದೇನೆ, ನೀವೂ ಹಾಗೇ ಹೇಳಿಬಿಡಿ ಡಾಕ್ಟರ್, ಆಮೇಲಿನದು ಆಮೇಲೆ ನೋಡಿಕೊಂಡರಾಯಿತು ಎಂದು ಕೈ ಮುಗಿದರು.

ಹೇಳಿಬಿಡುವುದು ಸುಲಭವಿತ್ತು. ಆದರೆ ಆರು ವಾರ ಕಳೆದ ಮರುದಿನವೇ ಅಜ್ಜಿ ನೆಲಕ್ಕೆ ಕೂರುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ನಮ್ಮ ಕಡೆಯ ಮುದುಕಿಯರು ನನಗೆ ಗೊತ್ತು. ಗುಂಡು ಜಾರಿದರೆ ಇನ್ನೊಂದು ಆಪರೇಷನ್ನನ್ನು ಆ ದೇಹ ತಡೆಯುವುದಿಲ್ಲ. ನಿಜ ಹೇಳಬೇಕೆಂದು ಮಂಚದ ಬಳಿ ಹೋಗಿ ನಿಂತೆ. ಗುಜರಾತಿಯಲ್ಲಿ ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದ ಪಾಠವನ್ನು ನಾನು ಕನ್ನಡದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಚಕ್ಕಳಮಕ್ಕಳ ಎನ್ನುವುದು ಡಾಕ್ಟರಿಕೆಯ ಪದವೇ ಅಲ್ಲ. ಅದು ಶಾಲೆಯ ಜಮಖಾನೆಯದು, ಮದುವೆಯ ಪಂಕ್ತಿಯದು, ಕರೆಂಟು ಹೋದಾಗ ಅಂಗಳದಲ್ಲಿ ಅವ್ವನ ಸುತ್ತ ಕೂತದ್ದರದು. ಅದರ ಮುಂದೆ 'ಇಲ್ಲ' ಎಂದು ಸೇರಿಸಲು ನಾಲಿಗೆ ಒಪ್ಪಲಿಲ್ಲ. ಇಷ್ಟು ದಿನ ಎಷ್ಟು ಜನರಿಂದ ಏನನ್ನು ಕಿತ್ತುಕೊಂಡು ಮುಂದಿನ ಮಂಚಕ್ಕೆ ಹೋಗಿದ್ದೆನೆಂದು ಆಗ ತಿಳಿಯಿತು.

"ಅಜ್ಜಿ, ಇನ್ನ ಮ್ಯಾಲ ನೆಲಕ್ಕ ಕುಂದ್ರಾಕ ಬರೂದಿಲ್ರಿ" ಎಂದೆ.

"ಎಷ್ಟ್ ದಿನ?"

"ಇನ್ನ ಯಾವಾಗೂ ಇಲ್ರಿ. ಕುರ್ಚಿ ಮ್ಯಾಲ ಕುಂದ್ರಬೇಕು. ಅಡ್ಡಾಡಾಕ ಏನೂ ತ್ರಾಸಿಲ್ಲ."

ಅವರು ನನ್ನನ್ನೇ ನೋಡಿದರು. "ನೆಲಕ್ಕ ಕುಂದ್ರಾಕ ಬರೂದಿಲ್ಲ ಅಂದಮ್ಯಾಲ ಎದ್ದು ನಿಂತು ಏನ್ ಮಾಡ್ಲಿ?" ಎಂದು ಕೇಳಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಆಮೇಲೆ ಫಿಸಿಯೋಥೆರಪಿಯವರು ಬಂದರೆ ಕಣ್ಣು ಮುಚ್ಚುವರು. ಊಟದ ತಟ್ಟೆ ಹಾಗೇ ಹಿಂದಿರುಗುವುದು. ಬಸವರಾಜ ಅವರು ನನ್ನನ್ನು ಬೈಯಲಿಲ್ಲ, ಮಾತನಾಡಿಸುವುದನ್ನು ಬಿಟ್ಟರು. ಎರಡನೆಯ ದಿನ ಹಾರ್ದಿಕ್‌ಭಾಯ್ ಅಜ್ಜಿಯ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ ನನ್ನ ಕೈಗೆ ಕೊಟ್ಟರು. ಎದೆಯ ತಳದಲ್ಲಿ ಸಣ್ಣಗೆ ಚರಚರ ಸದ್ದು ಶುರುವಾಗಿತ್ತು. ಇವತ್ತೋ ನಾಳೆಯೋ ಆಕೆ ಏಳದಿದ್ದರೆ ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದು ಅವರು ತಣ್ಣಗೆ ಹೇಳಿದರು. ನಿಜ ಹೇಳಿ ಮುದುಕಿಯನ್ನು ಕೊಂದೆನೇ ಎಂಬ ಭಯ ನನ್ನನ್ನು ಹಿಡಿಯಿತು. ಅಪ್ಪನಿಗೆ ಫೋನ್ ಮಾಡಿ, ಊರಿಗೆ ಬಂದುಬಿಡುತ್ತೇನೆ, ನನ್ನ ಕೈಲಾಗುವುದಿಲ್ಲ ಎಂದೆ. ಬಾ ಎಂದರು ಅಪ್ಪ, ತಮಾಷೆ ಮಾಡಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಅಂದು ಸಂಜೆ ಬಟ್ಟೆ ಬದಲಿಸಲೆಂದು ಕೋಣೆಗೆ ಹೋದಾಗ ಕೈಲಾಸಬೇನ್ ಮೆಟ್ಟಿಲ ಬಳಿ ಕಾಯುತ್ತಿದ್ದರು. ಬರಿಗೈಯಲ್ಲಿ ಮೇಲೆ ಹತ್ತಲು ಬಿಡದೆ ಒಂದು ಪೊಟ್ಟಣ ಕೊಟ್ಟರು. ಪೋಂಕ್ ಎಂದರು, ಚಳಿಗಾಲದಲ್ಲಿ ಮಾತ್ರ ಬರುತ್ತದೆ, ಸೂರತ್ತಿನಲ್ಲಿದ್ದು ತಿನ್ನದಿದ್ದರೆ ಹೇಗೆ ಎಂದರು. ಹಸಿರು ಕಾಳು, ಮೇಲೆ ಸೇವು. ನಿಂತಲ್ಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಅಗಿದ ಕೂಡಲೇ ಹಾಲಾಯಿತು. ಅದು ಸೀತನಿ. ಹಾಲುಗಾಳಿನ ಜೋಳದ ತೆನೆ ಸುಟ್ಟು, ಉಜ್ಜಿ ಕಾಳು ಬಿಡಿಸಿ, ನಾವು ಎರೆಹೊಲದ ಬದುವಿನಲ್ಲಿ ಕೂತು ತಿನ್ನುವ ಅದೇ ಸೀತನಿ. ಅದಕ್ಕೆ ಇಲ್ಲಿಯವರು ನಿಂಬೆಹಣ್ಣಿನ ಸೇವು, ಸಕ್ಕರೆ ಗುಂಡು ಸೇರಿಸುತ್ತಾರೆ. ನಾನು ಸೇವು ಬೇರೆ ಮಾಡಿ, ಕಾಳನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಅವ್ವ ಕಳಿಸಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿ ಎತ್ತಿಕೊಂಡು, ಬಟ್ಟೆ ಬದಲಿಸುವುದನ್ನೂ ಮರೆತು ವಾರ್ಡಿಗೆ ವಾಪಸಾದೆ.

ಅಜ್ಜಿ ಗೋಡೆಯ ಕಡೆಗೇ ತಿರುಗಿದ್ದರು. ನಾನು ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದು ದಿಂಬಿನ ಬಳಿ ಇಟ್ಟೆ. ಸ್ವಲ್ಪ ಹೊತ್ತಿಗೆ ಮೂಗು ಅಲ್ಲಾಡಿತು, ಆಮೇಲೆ ತಲೆ ತಿರುಗಿತು.

"ಇದು ಸೀತನಿ ಅಲ್ಲೇನು?"

ಹೌದೆಂದೆ.

"ಈ ಊರಾಗ ಎಲ್ಲಿ ಸಿಕ್ತು?"

ಎಲ್ಲಾ ಕಡೆ ಸಿಗುತ್ತದೆ, ಇಲ್ಲಿಯವರೂ ನಮ್ಮ ಹಾಗೆಯೇ ಚಳಿಗಾಲ ಬಂತೆಂದರೆ ಕಾದು ತಿನ್ನುತ್ತಾರೆ ಎಂದು ಹೇಳಿದೆ. ಅವರು ನಂಬಲಿಲ್ಲ. ವರ್ಷಗಟ್ಟಲೆ ಸೂರತ್ತಿನಲ್ಲಿದ್ದರೂ ಕಾಲೊನಿಯ ಗೇಟು ದಾಟಿ ಪೇಟೆ ನೋಡಿದ್ದು ಕಡಿಮೆ. ಕೈ ಚಾಚಿದರು. ನಾನು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡು, ಮಲಗಿ ತಿಂದರೆ ಕಾಳು ಉಸಿರುನಾಳಕ್ಕೆ ಹೋಗುತ್ತದೆ, ಎದ್ದು ಕೂತರೆ ಕೊಡುತ್ತೇನೆ ಎಂದೆ. ಅದು ಸುಳ್ಳೂ ಆಗಿರಲಿಲ್ಲ. ಗೊಣಗುತ್ತಾ ನನ್ನ ಹೆಗಲು ಹಿಡಿದು ಎದ್ದು, ಕಾಲು ಇಳಿಬಿಟ್ಟು ಮಂಚದ ಅಂಚಿನಲ್ಲಿ ಕೂತರು. ಚಟ್ನಿಪುಡಿ ಉದುರಿಸಿ ಮೆಲ್ಲಗೆ ಅಗಿದರು. ಸುಡುವ ಸಗಣಿ ಕುಳ್ಳಿನ ವಾಸನೆ ಇಲ್ಲ, ಎಳೆಯದು ಹೋಗಿ ಸ್ವಲ್ಪ ಬಲಿತಿದೆ ಎಂದು ತಪ್ಪು ತೆಗೆದರು. ತಪ್ಪು ತೆಗೆಯುವಷ್ಟು ಜೀವ ಬಂದದ್ದು ನೋಡಿ ನನ್ನ ಕಣ್ಣು ತುಂಬಿತು. ಇನ್ನೂ ಸಿಟ್ಟಿದೆಯೇ ಎಂದು ಕೇಳಿದೆ.

"ಐತಿ" ಎಂದರು. "ಆದ್ರ ನನ್ನ ಮಗಾ ಆರು ವಾರ ಅಂದಾಗ ಅವನ ಮಾರಿ ನೋಡೇ ಸುಳ್ಳು ಅಂತ ಗೊತ್ತಾಗಿತ್ತು. ನೀ ಖರೇ ಹೇಳಿದಿ. ಖರೇ ಕೇಳಿದ ಮ್ಯಾಲ ಒಂದೆರಡು ದಿನ ಅಳಾಕರ ಬಿಡಬೇಕಲ್ಲ."

ಡಬ್ಬಿ ಖಾಲಿಯಾದ ಮೇಲೆ ಕೈ ಒರೆಸಿಕೊಂಡು, ವಾಕರ್ ತರಲು ಹೇಳಿದರು. ಎದ್ದು ನಿಂತಾಗ ಅವರ ಕಾಲು ನಡುಗುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಮಗನನ್ನು ಕರೆದು, ಒಲೆಯನ್ನು ನೆಲದಿಂದ ಎತ್ತಿಸಬೇಕೆಂದೂ ಆ ಗ್ರಾನೈಟಿನ ಕಟ್ಟೆ ಮಾತ್ರ ತಮಗೆ ಸರಿಹೋಗುವುದಿಲ್ಲವೆಂದೂ ಅಪ್ಪಣೆ ಕೊಟ್ಟರು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಹೇಗೋ ಬಿಡುವು ಸಿಕ್ಕಿತು. ಬಸವರಾಜ ಅವರು ಕರೆದರೆಂದು ಹಜೀರಾಕ್ಕೆ ಹೋದೆ. ಚಿಮಣಿಗಳು, ಪೈಪುಗಳ ಸಾಲು ದಾಟಿದರೆ ಕಾಲೊನಿ. ಬಾಗಿಲು ತೆರೆದ ಶ್ರೇಯಾ ನನ್ನೊಡನೆ ಗುಜರಾತಿಯಲ್ಲಿ ಮಾತನಾಡಿದಳು, ನಾನೂ ಗುಜರಾತಿಯಲ್ಲೇ ಉತ್ತರ ಕೊಟ್ಟೆ. ಅರ್ಧ ಮಾತಿಗೇ ಕನ್ನಡದ ನೆನಪಾಗಿ ಇಬ್ಬರಿಗೂ ನಗು ಬಂತು. ಅಡುಗೆಮನೆಯಲ್ಲಿ ಅಜ್ಜಿಯ ಎತ್ತರಕ್ಕೆಂದೇ ಮಾಡಿಸಿದ ಕಬ್ಬಿಣದ ಮೇಜು, ಅದರ ಮೇಲೆ ಒಲೆ. ಅವರು ನಿಂತು ರೊಟ್ಟಿ ಬಡಿಯುತ್ತಿದ್ದರು, ಪಕ್ಕದಲ್ಲಿ ವಾಕರ್. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ನಿಂತ ಕೈಗೆ ಇನ್ನೂ ಹದ ಸಿಕ್ಕಿಲ್ಲ ಎಂದರು.

ನಾನು ಊಟದ ಮೇಜಿನ ಕುರ್ಚಿ ಎಳೆದೆ.

"ಕುರ್ಚಿ ಯಾಕ? ನಿನ್ನ ಕಾಲಿಗೇನಾಗೇತಿ?" ಎಂದರು ಅಜ್ಜಿ.

ನೆಲಕ್ಕೆ ಕೂತೆ. ವರ್ಷದಿಂದ ಮಡಚದ ಮಂಡಿಗಳು ಲಟಲಟ ಎಂದವು. ಚಕ್ಕಳಮಕ್ಕಳ ಹಾಕಿ ಬೆನ್ನು ನೆಟ್ಟಗಾದ ಮೇಲೆ ಒಳಗಿನಿಂದ ಏನೋ ಕೆಳಗಿಳಿದ ಹಾಗಾಯಿತು, ಯಾರದೋ ಕಾಲನ್ನು ಕೊನೆಗೂ ಕೆಳಗಿಟ್ಟ ಹಾಗೆ. ಆದರೆ ನನ್ನ ಎದುರಿಗೆ ನೆಲದ ಮೇಲೆ ಯಾರೂ ಇರಲಿಲ್ಲ. ಅಜ್ಜಿ ಮೇಲೆ ನಿಂತಿದ್ದರು, ನಾನೇ ಹೇಳಿದ ಎತ್ತರದಲ್ಲಿ. ಅವರು ಕೂರಬಾರದೆಂದು ನಾನು ಹೇಳಿದ ಜಾಗದಲ್ಲಿ ಕೂತು ಉಣ್ಣಲು ಸಂಕೋಚವಾಗಿ ಅರ್ಧ ಎದ್ದೆ.

ಅವರು ಗಮನಿಸಿದರು. ಬಿಸಿ ರೊಟ್ಟಿಯನ್ನು ಶ್ರೇಯಾಳ ಕೈಯಲ್ಲಿ ನನ್ನ ತಟ್ಟೆಗೆ ಹಾಕಿಸಿದರು.

"ಏಳಬ್ಯಾಡ. ನನ್ನ ಪಾಲಿಂದೂ ನೀನ ಕುಂದರು."

ಸೌತೆಕಾಯಿ, ಎಣ್ಣೆಗಾಯಿ, ಗಟ್ಟಿ ಮೊಸರು. ಮೊದಲ ರೊಟ್ಟಿ ಮುಗಿಯುವಷ್ಟರಲ್ಲಿ ಫೋನ್ ಬಂತು. ಹಾರ್ದಿಕ್‌ಭಾಯ್. ಹೆದ್ದಾರಿಯಲ್ಲಿ ಬಸ್ಸು ಮಗುಚಿದೆ, ಮುರಿದ ಕಾಲುಗಳು ಬರುತ್ತಿವೆ, ಹಿಡಿಯುವವರಿಲ್ಲ. 'ಆವು ಛು' ಎಂದೆ. ಬರುತ್ತೇನೆ ಎಂದು. ಅಷ್ಟು ಗುಜರಾತಿ ಅಜ್ಜಿಗೂ ಗೊತ್ತಿತ್ತು. ಊರಿಗೆ ಯಾವಾಗ ಹೋಗುತ್ತೀ ಎಂದು ಆಗಷ್ಟೇ ಕೇಳಿದ್ದರು. ಈಗ ಆ ಮಾತು ಬಿಟ್ಟು, ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದರು. ಅದು ಬೆಂದು ತಟ್ಟೆಗೆ ಬರುವ ತನಕ, ಬಂದ ಮೇಲೆ ಅದನ್ನು ಮುಗಿಸುವ ತನಕ, ನಾನು ಏಳಲಿಲ್ಲ.